ಒಂದು ಬೆಟ್ಟ, ಎರಡು ಹೊಳೆ, ಮೂರು ತಾಲ್ಲೂಕು

ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳನ್ನು ಗಡಗಡನೆ ಹೇಳಲು ಹೋಗಿ ನಾಲಿಗೆ ತೊಡರಿಸಿಕೊಳ್ಳದ ಕನ್ನಡದ ಮಕ್ಕಳು ಕಡಿಮೆ. ಊರಿನ ಹೆಸರು ಎಲ್ಲರಿಗೂ ಗೊತ್ತು, ಊರನ್ನು ನಿಂತು ನೋಡಿದವರು ಮಾತ್ರ ವಿರಳ. ಕೆಮ್ಮಣ್ಣುಗುಂಡಿಗೆ ಹೊರಟ ಕಾರುಗಳು ಇಲ್ಲಿ ಒಂದು ಟೀ ಕುಡಿದು ಮುಂದೆ ಹೋಗುತ್ತವೆ. ಕಡೂರು ಎಂದರೆ ಚಿಕ್ಕಮಗಳೂರಿಗೆ ಬಸ್ಸು ಬದಲಿಸುವ ಊರು. ಅಜ್ಜಂಪುರವೋ, ರೈಲಿನ ಕಿಟಕಿಯಲ್ಲಿ ಸರಿದುಹೋಗುವ ಹಳದಿ ಫಲಕ.

ಯುರೋಪಿನ ಪ್ರಾಗ್ ನಗರಕ್ಕೆ ಹೋಗುವವರು ಯಾವ ಸೇತುವೆ ದಾಟಿ ಯಾವ ಗುಡ್ಡ ಹತ್ತಬೇಕೆಂದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಅದರ ಕಾಲುಭಾಗ ತಯಾರಿಯನ್ನು ಈ ಸೀಮೆಗೂ ಮಾಡಿಕೊಳ್ಳಿ. ನನ್ನ ಸಲಹೆ ಒಂದೇ: ಸ್ಥಳಗಳ ಪಟ್ಟಿ ಬೇಡ, ನೀರಿನ ಜಾಡು ಹಿಡಿಯಿರಿ.

ಬಾಬಾಬುಡನ್‌ಗಿರಿ ಸಾಲು ಈ ಸೀಮೆಯ ನೆತ್ತಿ. ಅದರ ಪಡುವಣ ಮಗ್ಗುಲಿಗೆ ಬಿದ್ದ ಮಳೆ ಭದ್ರೆಯನ್ನು ಸೇರುತ್ತದೆ. ಮೂಡಣ ಮಗ್ಗುಲಿನದು ವೇದಾ, ಆವತಿ ಎಂಬ ಎರಡು ಹಳ್ಳಗಳಾಗಿ ಇಳಿದು, ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ಒಂದು ಕಡೆ ದಟ್ಟ ಕಾಡು, ಇನ್ನೊಂದು ಕಡೆ ಹುಲ್ಲುಗಾವಲಿನ ಬಯಲು ಏಕೆಂಬುದು ಈ ಬೆಟ್ಟದ ಎರಡೂ ಮಗ್ಗುಲು ನೋಡಿದವರಿಗಷ್ಟೇ ತಿಳಿಯುತ್ತದೆ. ಅದಕ್ಕೆ ಮೂರು ದಿನ ಬೇಕು.

ಮೊದಲ ದಿನ: ಕಲ್ಲಿನ ಕಥೆ

ತರೀಕೆರೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಅಮೃತಾಪುರದಿಂದ ಶುರುಮಾಡಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಇದು. ಪ್ರಾಗ್‌ನ ಪ್ರಸಿದ್ಧ ಚಾರ್ಲ್ಸ್ ಸೇತುವೆಗೆ 1357ರಲ್ಲಿ ಅಡಿಗಲ್ಲು ಬೀಳುವ ಹೊತ್ತಿಗೆ ಇದಕ್ಕಾಗಲೇ ನೂರಅರವತ್ತು ವರ್ಷ ದಾಟಿತ್ತು. ಶಿಲ್ಪಿ ಮಲ್ಲಿತಮ್ಮನ ಕೈ ಪಳಗಿದ್ದು ಇಲ್ಲಿ. ಬಾಗಿಲ ಬಳಿಯ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ.

ಒಳಗೆ ಹೋಗುವ ಅವಸರ ಬೇಡ. ಮಂಟಪದ ಹೊರಗೋಡೆಯಲ್ಲಿ 140 ಉಬ್ಬುಶಿಲ್ಪಗಳಿವೆ. ತೆಂಕಣ ಗೋಡೆಯ 70 ಫಲಕಗಳಲ್ಲಿ ರಾಮಾಯಣ. ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ರೂಢಿಯಂತೆ ಪ್ರದಕ್ಷಿಣೆ ಹಾಕುತ್ತಾ ನೋಡಿದರೆ ರಾಮಾಯಣ ಹಿಂದುಮುಂದಾಗುತ್ತದೆ. ಅದನ್ನು ಅಪ್ರದಕ್ಷಿಣವಾಗಿ ಕೆತ್ತಿದ್ದಾರೆ. ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಬಡಗಣ ಗೋಡೆಗೆ ಬಂದಾಗ ಮತ್ತೆ ಪ್ರದಕ್ಷಿಣೆಯ ದಿಕ್ಕಿಗೇ ತಿರುಗಬೇಕು. ಮಕ್ಕಳಿದ್ದರೆ ಒಂದೊಂದು ಫಲಕ ತೋರಿಸಿ ಕಥೆ ಹೇಳಿಸಿ. ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಲಿಂಗದಹಳ್ಳಿ ದಾಟಿ ಘಟ್ಟ ಹತ್ತಿ. ಕಲ್ಲತ್ತಿಗಿರಿಯಲ್ಲಿ 122 ಮೀಟರ್ ಎತ್ತರದಿಂದ ಇಳಿಯುವ ನೀರು ವೀರಭದ್ರನ ಗುಡಿಯ ಮಗ್ಗುಲಲ್ಲೇ ಧುಮುಕುತ್ತದೆ. ಕತ್ತಲಾಗುವ ಮುನ್ನ ಕೆಮ್ಮಣ್ಣುಗುಂಡಿ ಸೇರಿಕೊಳ್ಳಿ. ಅಲ್ಲಿ ಉಳಿಯಲು ತೋಟಗಾರಿಕೆ ಇಲಾಖೆಯ ಕೊಠಡಿಗಳನ್ನು ಮೊದಲೇ ಕಾಯ್ದಿರಿಸಿರಬೇಕು.

ಎರಡನೆಯ ದಿನ: ನೆತ್ತಿಯಿಂದ ಭದ್ರೆಗೆ

ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರ. ಹೆಸರಿಗೆ ಕಾರಣವಾದ ಕೆಂಪು ಮಣ್ಣಿನಲ್ಲಿ ಕಬ್ಬಿಣವಿತ್ತು. ಆ ಅದಿರು ಭದ್ರಾವತಿಯ ಕಾರ್ಖಾನೆಗೆ ಹಗ್ಗದ ಹಾದಿಯಲ್ಲಿ ತೂಗುತ್ತಾ ಇಳಿಯುತ್ತಿತ್ತು. ಬೆಳಗಿನ ಮಂಜು ಕರಗುವ ಹೊತ್ತಿಗೆ ಝಡ್ ಪಾಯಿಂಟ್‌ಗೆ ನಡೆದುಹೋಗಿ. ಆಮೇಲೆ ಇಳಿದು ಲಕ್ಕವಳ್ಳಿಗೆ ಬನ್ನಿ. 1960ರ ದಶಕದಲ್ಲಿ ಮುಗಿದ ಭದ್ರಾ ಅಣೆಕಟ್ಟೆಯ ಹಿಂದೆ ಹಿನ್ನೀರು ಕಾಡಿನೊಳಕ್ಕೆ ಚಾಚಿದೆ. ಬೇಸಿಗೆಯಲ್ಲಿ ಅದರ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ.

ಮೂರನೆಯ ದಿನ: ಮೂಡಣ ಮಗ್ಗುಲು

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಏರಿಯ ಮೇಲೆ ನಿಂತರೆ ಎದುರಿಗೆ ಶಕುನಗಿರಿ. ನಿನ್ನೆ ನಿಂತಿದ್ದ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ ಈಗ ಬಂದಿದ್ದೀರಿ. ದಾರಿಯಲ್ಲಿ ಜೈಮಿನಿ ಭಾರತದ ಕವಿ ಲಕ್ಷ್ಮೀಶನ ದೇವನೂರಿಗೂ ಹೋಗಿ ಬನ್ನಿ.

ಕಡೂರು, ಬೀರೂರು ದಾಟಿ ಅಜ್ಜಂಪುರದತ್ತ ಹೊರಟಂತೆ ಮರಗಳು ಕಡಿಮೆಯಾಗಿ ಹುಲ್ಲಿನ ಕಾವಲುಗಳು ತೆರೆದುಕೊಳ್ಳುತ್ತವೆ. ಇದು ಅಮೃತಮಹಲ್ ದನಗಳ ನೆಲ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಕೊಟ್ಟ ಹೆಸರು ಅಮೃತಮಹಲ್. ಅವನ ಫಿರಂಗಿ ಎಳೆದ ತಳಿಯನ್ನು ಅಜ್ಜಂಪುರದ ಸರ್ಕಾರಿ ಕೇಂದ್ರ ಇಂದಿಗೂ ಸಾಕುತ್ತಿದೆ. ಬೂದು ಮೈ, ಬುಡದಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲೆದ್ದು ಚೂಪಾಗುವ ಕೊಂಬು. ಒಮ್ಮೆ ಕಂಡರೆ ಮರೆಯುವುದಿಲ್ಲ.

ಹೊರಡಲು ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ: ಹಳ್ಳಗಳಲ್ಲಿ ನೀರಿರುತ್ತದೆ, ಜಿಗಣೆ ಕಾಟ ತಗ್ಗಿರುತ್ತದೆ. ಕಡೂರು, ಬೀರೂರು, ಅಜ್ಜಂಪುರಗಳಿಗೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರೈಲುಗಳಿವೆ. ತರೀಕೆರೆ ಇರುವುದು ಬೀರೂರು–ಶಿವಮೊಗ್ಗ ಮಾರ್ಗದಲ್ಲಿ.

ಪಯಣವನ್ನು ಅಜ್ಜಂಪುರದಲ್ಲೇ ಮುಗಿಸಿ ಎನ್ನಲು ಕಾರಣವಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಮೇಲೆತ್ತಿ ಇಲ್ಲಿಗೆ ತಂದು, ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಮೂಡಣ ಸೀಮೆಗೆ ಹರಿಸುತ್ತಾರೆ. ಅದು ವೇದಾವತಿಯ ಪಾತ್ರ ಹಿಡಿದು ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತದೆ. ಒಳ್ಳೆಯ ಮಳೆಯ ಜೊತೆಗೆ ಈ ನೀರೂ ಕೂಡಿ, 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಆ ಜಲಾಶಯ ಕೋಡಿ ಬಿತ್ತು. ನಿನ್ನೆ ಬೆಟ್ಟದ ನೆತ್ತಿಯಲ್ಲಿ ಬೇರೆಯಾದದ್ದನ್ನು ನೀವು ಕಂಡ ನೀರು, ಬರದ ಸೀಮೆಯ ಬಾಯಾರಿಕೆಗಾಗಿ ಇಲ್ಲಿ ಮತ್ತೆ ಒಂದಾಗುತ್ತದೆ.