ಹಲಗೆಯ ಗೆರೆ, ತೊರೆಯ ಕೆಸರು

ಇವತ್ತು ನಾವು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿರೋ ಲೆಡ್ಯರ್ಡ್ ಎಂಬ ಹಳ್ಳಿಗಾಡಿನ ಊರಿನ ಮರ ಕೊಯ್ಯುವ ಮಿಲ್ಲಿನ ಬಗ್ಗೆ ಮಾತಾಡೋಣ. 1869ರ ಸುಮಾರಿಗೆ ಕಟ್ಟಿದ ಈ ಮಿಲ್ ಓಡೋದು ನೀರಿನ ಬಲದಿಂದ.

ಅದು ಹೇಗೆ? ಮನೆಯ ಹೊಲಿಗೆ ಯಂತ್ರವನ್ನ ನೆನಪಿಸಿಕೊಳ್ಳಿ. ಚಕ್ರ ತಿರುಗಿದರೆ ಸೂಜಿ ಮೇಲೆ ಕೆಳಗೆ ಆಡುತ್ತದೆ, ಬಟ್ಟೆ ಚೂರುಚೂರೇ ಮುಂದೆ ಸರಿಯುತ್ತದೆ. ಇಲ್ಲಿ ಸೂಜಿಯ ಜಾಗದಲ್ಲಿ ನೆಟ್ಟಗೆ ನಿಂತ ಗರಗಸ, ಬಟ್ಟೆಯ ಜಾಗದಲ್ಲಿ ದಿಮ್ಮಿ. ಹೀಗೆ ಕೊಯ್ದ ಹಲಗೆಯ ಮೇಲೆ ನೇರ ಗೆರೆಗಳು ಉಳಿಯುತ್ತವೆ. ದುಂಡು ಗರಗಸವಾದರೆ ಬಿಲ್ಲಿನಂತೆ ಬಾಗಿದ ಗೆರೆಗಳು. ಹಳೇ ಮನೆಯ ವಯಸ್ಸು ಊಹಿಸೋಕೆ ಇದೊಂದು ಸುಳಿವು. ಲೆಡ್ಯರ್ಡ್ ಮಿಲ್ ಶುರುವಾದಾಗಲೇ ದುಂಡು ಗರಗಸ ಬಳಕೆಗೆ ಬಂದಿತ್ತು, ಅಂದರೆ ಇದು ಹುಟ್ಟುತ್ತಲೇ ಹಳೇ ಕಾಲದ್ದು! ಊರು ಇದನ್ನ 1966ರಲ್ಲಿ ಕೊಂಡಿತು. ಸ್ವಯಂಸೇವಕರು ದುರಸ್ತಿ ಮಾಡಿ 1975ರಲ್ಲಿ ಮತ್ತೆ ಓಡಿಸಿದರು.

ಆದರೆ ಜೀವಶಾಸ್ತ್ರಜ್ಞರಾದ ನಮ್ಮ ಕಣ್ಣು ಹೋಗೋದು ಮಿಲ್ಲಿನ ಹಿಂದಿರುವ ಕಟ್ಟೆಯ ಕಡೆ. ಗರಗಸ ಓಡಬೇಕಾದರೆ ತೊರೆ ನಿಲ್ಲಬೇಕು. 1840ರ ಜನಗಣತಿಯ ಪ್ರಕಾರ, ಹಿಟ್ಟಿನ ಗಿರಣಿಗಳೂ ಸೇರಿ, ಅಮೆರಿಕದ ಪೂರ್ವ ಭಾಗದಲ್ಲಿ ಇಂಥ ನೀರಿನ ಮಿಲ್ಲುಗಳು 65,000ಕ್ಕೂ ಹೆಚ್ಚಿದ್ದವು. ಸಮುದ್ರದಿಂದ ಮೊಟ್ಟೆ ಇಡೋಕೆ ಹತ್ತಿ ಬರುವ ಮೀನಿಗೆ ಒಂದೊಂದು ಕಟ್ಟೆಯೂ ಒಂದು ಗೋಡೆ.

ಇನ್ನೊಂದು ಪರಿಣಾಮ ಕಣ್ಣಿಗೇ ಬಿದ್ದಿರಲಿಲ್ಲ. ಪೆನ್ಸಿಲ್ವೇನಿಯಾದ ಭೂವಿಜ್ಞಾನಿಗಳಾದ ರಾಬರ್ಟ್ ವಾಲ್ಟರ್ ಮತ್ತು ಡೊರೊಥಿ ಮೆರಿಟ್ಸ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದನ್ನ ತೋರಿಸಿದರು. ಅಲ್ಲಿ ಎತ್ತರದ ದಡಗಳ ನಡುವೆ ಅಂಕುಡೊಂಕಾಗಿ ಹರಿಯೋ ತೊರೆಗಳನ್ನ ಎಲ್ಲರೂ ಸಹಜ ಅಂದುಕೊಂಡಿದ್ದರು. ನಿಜಕ್ಕೂ ಆ ದಡ ಅಂದರೆ ಮಿಲ್ ಕೆರೆಗಳಲ್ಲಿ ತುಂಬಿದ ಹೂಳು. ಕಾಡು ಕಡಿದ ನೆಲದಿಂದ ಕೊಚ್ಚಿಬಂದ ಮಣ್ಣು ಕೆರೆಗಳಲ್ಲಿ ನಿಂತಿತು. ಕಟ್ಟೆ ಒಡೆದ ಮೇಲೆ ನೀರು ಆ ಹೂಳನ್ನೇ ಕೊರೆದುಕೊಂಡು ಹರಿಯಿತು. ಅಡಿಯಲ್ಲಿರೋ ಕಪ್ಪು ಮಣ್ಣು ಹಳೆಯ ಜೌಗುನೆಲದ್ದು. 2011ರಲ್ಲಿ ಬಿಗ್ ಸ್ಪ್ರಿಂಗ್ ರನ್ ಎಂಬ ತೊರೆಯ ಒಂದು ಭಾಗದಲ್ಲಿ ಹೂಳು ತೆಗೆದು ಆ ಜೌಗನ್ನ ಮರಳಿ ತಂದಿದ್ದಾರೆ.

ಹಾಗಂತ ಲೆಡ್ಯರ್ಡ್ ಮಿಲ್ ಕೆಡವಬೇಕಾ? ನಮ್ಮ ಪ್ರಕಾರ ಬೇಡ. ಒಂದು ಊರು ತನ್ನ ಹಿರಿಯರ ದುಡಿಮೆಯನ್ನ ಇನ್ನೂ ಓಡಿಸಿ ತೋರಿಸ್ತಾ ಇದೆ, ಅದು ಉಳೀಲಿ. ಕೆಲಸ ನಿಲ್ಲಿಸಿ ಶತಮಾನ ಕಳೆದರೂ ತೊರೆಗೆ ಅಡ್ಡ ನಿಂತಿರೋ ಹೆಸರಿಲ್ಲದ ಕಟ್ಟೆಗಳನ್ನ ಮಾತ್ರ ತೆಗೀಲಿ. ನಿಮ್ಮೂರ ಹಳ್ಳಕ್ಕೂ ಇಂಥ ಕಟ್ಟೆ ಇದೆಯಾ? ನಮಗೆ ಬರೆದು ತಿಳಿಸಿ.