ಸೆಡಾನಿಗೆಂದು ಹುಟ್ಟಿದ ಎಂಜಿನ್

ಎರಡನೇ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬಾಂಬು ಬಿದ್ದು ಬೆಂಕಿ ಹತ್ತೀತೆಂದು ಕಾರ್ಖಾನೆಗಳಲ್ಲಿ ರಾತ್ರಿಯಿಡೀ ಕಾವಲಿರುತ್ತಿತ್ತು. ಮುಂದೆ ಜಾಗ್ವಾರ್ ಎಂದು ಹೆಸರಾದ ಕಂಪನಿಯ ಒಡೆಯ ವಿಲಿಯಂ ಲಯನ್ಸ್ ತನ್ನ ಪಾಳಿಗೆ ಎಂಜಿನಿಯರುಗಳನ್ನೇ ಜೊತೆಗಿಟ್ಟುಕೊಂಡ: ವಿಲಿಯಂ ಹೇಯ್ನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೈಲಿ. ಕಾವಲಿನ ಹೊತ್ತು ಕಳೆದದ್ದು ಯುದ್ಧ ಮುಗಿದ ಮೇಲೆ ಕಟ್ಟಬೇಕಾದ ಎಂಜಿನ್ನಿನ ಮಾತಿನಲ್ಲಿ.

ಲಯನ್ಸ್‌ಗೆ ಬೇಕಿದ್ದದ್ದು ಸ್ಪೋರ್ಟ್ಸ್ ಕಾರಲ್ಲ. ಐದು ಜನ ಕಾಲು ಚಾಚಿ ಕೂತು ಗಂಟೆಗೆ 100 ಮೈಲಿ ವೇಗದಲ್ಲಿ ಸಾಗಬಲ್ಲ ಐಷಾರಾಮಿ ಸೆಡಾನ್. ಬಾನೆಟ್ ಎತ್ತಿದರೆ ಎಂಜಿನ್ ನೋಡಲೂ ಚೆಂದವಿರಬೇಕೆಂದು ಪಟ್ಟು ಹಿಡಿದ. ಹಲವು ಪ್ರಯೋಗಗಳಾದವು. 3.2 ಲೀಟರಿನ ಆರು ಸಿಲಿಂಡರ್ ಎಂಜಿನ್ ಕಡಿಮೆ ವೇಗದಲ್ಲಿ ಎಳೆಯಲು ಸಾಲದೆ ಬಂದಾಗ ಪಿಸ್ಟನ್ ಓಡಾಡುವ ದೂರವಾದ ಸ್ಟ್ರೋಕನ್ನು 106 ಮಿ.ಮೀ.ಗೆ ಉದ್ದ ಮಾಡಿದರು. ಹೀಗೆ 3,442 ಸಿಸಿಯ ಎಕ್ಸ್‌ಕೆ ಎಂಜಿನ್ ಸಿದ್ಧವಾಯಿತು. ಮೇಲೆ ಎರಡು ಕ್ಯಾಮ್‌ಶಾಫ್ಟ್, ಅವುಗಳ ಮೇಲೆ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಮುಚ್ಚಳ, 160 ಅಶ್ವಶಕ್ತಿ.

ಎಂಜಿನ್ ತಯಾರು, ಸೆಡಾನಿನ ಬಾಡಿ ಮಾತ್ರ ಇಲ್ಲ. 1948ರ ಅಕ್ಟೋಬರಿನ ಲಂಡನ್ ಮೋಟಾರು ಪ್ರದರ್ಶನ ಹತ್ತಿರ ಬಂದಿತ್ತು. ಲಯನ್ಸ್ ಇನ್ನೊಂದು ಮಾದರಿಯ ಚಾಸಿಯನ್ನು ಗಿಡ್ಡ ಮಾಡಿಸಿ, ಕೆಲವೇ ವಾರಗಳಲ್ಲಿ ಎರಡು ಸೀಟಿನ ಎಕ್ಸ್‌ಕೆ120 ನಿಲ್ಲಿಸಿದ. ಆ್ಯಶ್ ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹೊದಿಸಿ ಸುಮಾರು 200 ಕಾರು ಮಾಡಿದರೆ ಸಾಕೆಂಬ ಲೆಕ್ಕ. ಜನ ಮುಗಿಬಿದ್ದರು. ಉಕ್ಕಿನ ಬಾಡಿಗೆ ಹೊರಳದೆ ವಿಧಿಯಿರಲಿಲ್ಲ. ಮರುವರ್ಷ ಬೆಲ್ಜಿಯಂನ ಯಾಬೆಕೆ ಹೆದ್ದಾರಿಯಲ್ಲಿ ಅದು ಗಂಟೆಗೆ 132 ಮೈಲಿ ದಾಟಿತು.

ಎಂಜಿನ್ನಿನ ನಿಜವಾದ ವಾರಸುದಾರ ಮಾರ್ಕ್ 7 ಸೆಡಾನ್ ಬಂದದ್ದು 1950ರಲ್ಲಿ. ಅದೇನು ಕುರ್ಚಿಯ ಸುಖಕ್ಕಷ್ಟೇ ಮೀಸಲಾಗಿರಲಿಲ್ಲ. ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಸಿಲ್ವರ್‌ಸ್ಟೋನ್‌ನಲ್ಲಿ ಇದೇ ಕಾರಿನಲ್ಲಿ ಗೆದ್ದ. ರೋನಿ ಆ್ಯಡಮ್ಸ್ 1956ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ. ಸುಮಾರು ಒಂದೂಮುಕ್ಕಾಲು ಟನ್ ತೂಕ ಹೊತ್ತು ಗೆದ್ದ ಕಾರು ಇದು. ನನ್ನ ಪಾಲಿಗೆ ಸ್ಪೋರ್ಟ್ಸ್ ಕಾರು, ಸೆಡಾನು ಎರಡರಲ್ಲಿ ದೊಡ್ಡ ಸಾಧನೆ ಸೆಡಾನಿನದೇ.

ಆದರೂ ಗುಜರಿ ಸೇರಿದ್ದು ಅದೇ. ಸ್ಪೋರ್ಟ್ಸ್ ಕಾರುಗಳನ್ನು ಓಡಿಸಲು ಹಳೆಯ ಜಾಗ್ವಾರ್ ಸೆಡಾನುಗಳ ಎಂಜಿನ್, ಬಿಡಿಭಾಗಗಳನ್ನು ಕಿತ್ತುಕೊಂಡರು. ತುಕ್ಕು ಕೆರೆದು, ಮರದ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಾಕಿ, ಚರ್ಮದ ಸೀಟು ಹೊಲಿಸಿ ಸೆಡಾನನ್ನು ಉಳಿಸುವ ಖರ್ಚು ಕಡಿಮೆಯಲ್ಲ; ಮಾರಿದರೆ ಬರುವ ಬೆಲೆಗೂ ಎಕ್ಸ್‌ಕೆ120ರ ಬೆಲೆಗೂ ಅಜಗಜಾಂತರ. ಲೆಕ್ಕ ಹಾಕಿದವರು ಕೈಬಿಟ್ಟರು. ಯಾವ ಕಾರಿಗಾಗಿ ಆ ಎಂಜಿನ್ ಕಟ್ಟಿದರೋ ಅದನ್ನೇ ಬರಿದು ಮಾಡಿದ್ದು ಅನ್ಯಾಯ.