ಹೆಡ್ಮಾಷ್ಟ್ರು, ಪ್ರಿನ್ಸಿಪಾಲ್, ಮುದೀರ್: ಹೆಸರು ನೋಡಿ ಮೋಸ ಹೋಗಬೇಡಿ

ಬಿ.ಎಡ್. ಮುಗಿಸಿ ಶಾಲೆಗಳಲ್ಲಿ ಕಲಿಸುವ ಹೆಣ್ಮಕ್ಕಳು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಮದುವೆಯಾಗಿ ಗಲ್ಫಿಗೆ ಹೋದವರು ಅಲ್ಲೂ ಕೆಲಸ ಹುಡುಕುತ್ತಾರೆ. ಅರ್ಜಿ ತುಂಬುವಾಗ ಹುದ್ದೆಯ ಇಂಗ್ಲಿಷ್ ಹೆಸರೇ ಹಲವರಿಗೆ ಗೊಂದಲ. ಒಂದೇ ಹೆಸರಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ.

ಊರಿಂದಲೇ ಶುರು ಮಾಡೋಣ. ಸರ್ಕಾರಿ ಹೈಸ್ಕೂಲಿನ ಮುಖ್ಯಸ್ಥರು ನಮಗೆಲ್ಲ ಹೆಡ್ಮಾಷ್ಟ್ರು. ಅದೇ ಹೈಸ್ಕೂಲು ಪಿಯು ಕಾಲೇಜಿನ ಜೊತೆ ಸೇರಿದ್ದರೆ ಪಿಯುವಿನವರು ಪ್ರಾಂಶುಪಾಲರು, ಹೈಸ್ಕೂಲು ನಡೆಸುವವರು ಉಪಪ್ರಾಂಶುಪಾಲರು. ಕೆಲಸ ಹೆಚ್ಚುಕಮ್ಮಿ ಹೆಡ್ಮಾಷ್ಟ್ರದ್ದೇ. ಸಿಬಿಎಸ್‌ಇ ಶಾಲೆಯಲ್ಲಾದರೆ ಹತ್ತನೇ ತರಗತಿವರೆಗೆ ಮಾತ್ರ ಇದ್ದರೂ ಪ್ರಿನ್ಸಿಪಾಲ್. ನಮ್ಮ ಮದ್ರಸಗಳಲ್ಲಿ ಆ ಜವಾಬ್ದಾರಿ ಸದರ್ ಉಸ್ತಾದರದ್ದು.

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಹೆಡ್ ಟೀಚರ್ ಅನ್ನುತ್ತಾರೆ. ಗಂಡಸಾದರೂ ಹೆಂಗಸಾದರೂ ಅದೇ ಹೆಸರು. ಹೆಡ್ ಮಾಸ್ಟರ್, ಹೆಡ್ ಮಿಸ್ಟ್ರೆಸ್ ಅನ್ನುವುದು ಅಲ್ಲಿ ಹಳೇ ರೂಢಿ, ಕೆಲವು ಖಾಸಗಿ ಶಾಲೆಗಳಲ್ಲಿ ಉಳಿದಿದೆ. ಒಂದಕ್ಕಿಂತ ಹೆಚ್ಚು ಶಾಲೆ ನೋಡಿಕೊಳ್ಳುವವರು ಎಕ್ಸಿಕ್ಯೂಟಿವ್ ಹೆಡ್. ಪಕ್ಕದ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ತಮಾಷೆ. ಅಲ್ಲಿ ಪ್ರಿನ್ಸಿಪಾಲ್ ಟೀಚರ್ ಅಂದರೆ ಶಾಲೆಯ ಯಜಮಾನರಲ್ಲ. ಒಂದು ವಿಷಯದ್ದೋ ಒಂದು ವಿಭಾಗದ್ದೋ ಹೊಣೆ ಹೊತ್ತವರು. ಅವರ ಮೇಲೆ ಡೆಪ್ಯೂಟ್ ಹೆಡ್, ಅದರ ಮೇಲೆ ಹೆಡ್ ಟೀಚರ್.

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಪ್ರೈಮರಿಗೂ ಹೈಸ್ಕೂಲಿಗೂ ಪ್ರಿನ್ಸಿಪಾಲ್. ಖಾಸಗಿಯಲ್ಲಿ ಹೆಡ್ ಆಫ್ ಸ್ಕೂಲ್ ಅನ್ನುವುದುಂಟು. ಪ್ರಿನ್ಸಿಪಾಲರಿಗೆಲ್ಲ ಮೇಲಧಿಕಾರಿ ಆ ಜಿಲ್ಲೆಯ ಸೂಪರಿಂಟೆಂಡೆಂಟ್. ನಮ್ಮ ಕಚೇರಿಗಳಲ್ಲಾದರೆ ಸೂಪರಿಂಟೆಂಡೆಂಟ್ ಅಂದರೆ ಗುಮಾಸ್ತರ ಮೇಲ್ವಿಚಾರಕರು!

ಗಲ್ಫಿನಲ್ಲಿ ಇದೆಲ್ಲವೂ ಒಂದೇ ಊರಲ್ಲಿ ಸಿಗುತ್ತದೆ. ಭಾರತದ ಸಿಲೆಬಸ್ಸಿನ ಶಾಲೆಯಲ್ಲಿ ಪ್ರಿನ್ಸಿಪಾಲ್, ಬ್ರಿಟಿಷ್ ಸಿಲೆಬಸ್ಸಿನದ್ದರಲ್ಲಿ ಹೆಡ್ ಟೀಚರೋ ಪ್ರಿನ್ಸಿಪಾಲೋ. ಅರಬಿಯಲ್ಲಿ ಮುದೀರ್, ಹೆಂಗಸಾದರೆ ಮುದೀರಾ. ಕಂಪನಿಯ ಮ್ಯಾನೇಜರನಿಗೂ ಮುದೀರ್ ಅನ್ನುವುದು ಅಲ್ಲಿ ದುಡಿಯುವ ನಮ್ಮವರಿಗೆ ಗೊತ್ತೇ ಇದೆ.

ಇದರಲ್ಲಿ ನಷ್ಟ ಆಗುವುದು ಎಲ್ಲಿ? ಊರಲ್ಲಿ ವರ್ಷಗಟ್ಟಲೆ ಹೈಸ್ಕೂಲು ನಡೆಸಿದವರ ಸರ್ಟಿಫಿಕೇಟಿನಲ್ಲಿ ಬರೀ 'ವೈಸ್ ಪ್ರಿನ್ಸಿಪಾಲ್' ಅಂತಿದ್ದರೆ, ಹೊರದೇಶದವರು ಅದನ್ನು ಎರಡನೇ ಸ್ಥಾನ ಅಂತಲೇ ಓದುತ್ತಾರೆ. ಹಾಗೇ 'ಪ್ರಿನ್ಸಿಪಾಲ್ ಟೀಚರ್' ಅನ್ನುವ ಜಾಹೀರಾತು ಕಂಡು ದೊಡ್ಡ ಹುದ್ದೆ ಅಂದುಕೊಂಡರೆ ಆಮೇಲೆ ಬೇಸರ.

ಆದ್ದರಿಂದ ಶಾಲೆ ಬಿಡುವಾಗಲೇ ಅನುಭವ ಪತ್ರದಲ್ಲಿ ಹುದ್ದೆಯ ಹೆಸರಿನ ಕೆಳಗೆ ಕೆಲಸವನ್ನೂ ಬರೆಸಿಕೊಳ್ಳಿ. ಯಾವ ತರಗತಿಯಿಂದ ಯಾವ ತರಗತಿವರೆಗೆ, ಎಷ್ಟು ಮಕ್ಕಳು, ಕೈಕೆಳಗೆ ಎಷ್ಟು ಶಿಕ್ಷಕರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಇಷ್ಟಿದ್ದರೆ ಸಾಕು. ಕೆಲಸದ ಆಫರ್ ಬಂದಾಗಲೂ ಸಂಬಳದ ಜೊತೆ ಇನ್ನೆರಡು ಮಾತು ಕೇಳಿ: ನಮ್ಮ ಮೇಲೆ ಯಾರು, ನಮ್ಮ ಕೈಕೆಳಗೆ ಯಾರು? ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತರಿಸಿಕೊಂಡೇ ಸಹಿ ಹಾಕಿ.